ಮಾಗಿದ ಉಳ್ಳಾಗಡ್ಡಿಗೆ ನೀರು

ಹೊಸಹಳ್ಳಿ
1-2-1999

ಶ್ರೀ ಅರುಣಕುಮಾರ್ ಅವರಿಗೆ ಅಮೃತಾಳ ನಮಸ್ಕಾರಗಳು.

ನಿಮ್ಮ ಕಾರ್ಡು ಕಾರ್ತಿಕದಲ್ಲೇ ಬಂದು ಸೇರಿತು. ಉತ್ತರ ಬರೆಯಲು ಮಾಘದವರೆಗೆ ತಡಮಾಡಿದ್ದೇನೆ. ಕ್ಷೇಮಸಮಾಚಾರ ವಿಚಾರಿಸುವಷ್ಟು ಪರಿಚಯ ನಮ್ಮಲ್ಲಿ ಇನ್ನೂ ಇಲ್ಲವಾದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಹೆಣ್ಣು ನೋಡಲು ಬಂದ ದಿನ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ, ಅದು ನಿಮ್ಮಿಂದಲೇ ಬರಬೇಕು, ಅಲ್ಲಿಯವರೆಗೆ ಮುಂದಿನ ಮಾತು ಬೇಡವೆಂದು ಮನೆಯಲ್ಲಿ ಹೇಳಿದ್ದೇನೆ ಎಂದು ನೀವು ಬರೆದಿದ್ದಿರಿ. ಕಾರ್ಡು ಎಂದರೆ ಎಲ್ಲರ ಪತ್ರ. ಅಂಚೆಯ ಓಬಣ್ಣ ಅದನ್ನು ಓದಿ, ಬಾಗಿಲಲ್ಲೇ ನಮ್ಮ ಚಿಕ್ಕಪ್ಪನಿಗೆ ಸಾರಾಂಶ ಹೇಳಿ, ಆಮೇಲೆ ಕೈಗೆ ಕೊಟ್ಟ. ಚಿಕ್ಕಪ್ಪ ಗುರುಸಂಗಪ್ಪನವರಿಗೆ ಸಿಟ್ಟು ಬಂತು. "ಹುಡುಗಿ ತಲಿ ತಗ್ಗಿಸಿದ್ಲು ಅಂದ್ರ ಒಪ್ಪಿದ್ಲು ಅಂತ. ಇನ್ನೇನು ತಮಟಿ ಬಾರಿಸಿ ಹೇಳಬೇಕನು ಇವನಿಗೆ?" ಎಂದರು. ಕಟ್ಟೆಯ ಮೇಲೆ ಕೂತಿದ್ದ ನಮ್ಮ ಅಜ್ಜಿ ನಾಗಲಿಂಗಮ್ಮ ಕಾರ್ಡನ್ನು ಇಸಿದುಕೊಂಡು, ಓದಲು ಬಾರದಿದ್ದರೂ ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಕೇಳ್ಯಾನಲ್ಲ ಹುಡುಗ. ನಮ್ಮ ಕಾಲದಾಗ ಎತ್ತಿನ ಹಲ್ಲಾದರೂ ನೋಡಿ ತರ್ತಿದ್ರು, ನಂದು ಅದನ್ನೂ ನೋಡಲಿಲ್ಲ, ಕೇಳಲೂ ಇಲ್ಲ," ಎಂದಳು. ಚಿಕ್ಕಪ್ಪ ನಗಬಾರದೆಂದು ಹೊರಗೆ ಹೋದರು.

ಮೊನ್ನೆ ಚಿಕ್ಕಪ್ಪ ನಿಮ್ಮ ಹರಪನಹಳ್ಳಿಗೆ ಬಂದಿದ್ದರಲ್ಲ, ಅಲ್ಲಿಂದ ಸುದ್ದಿ ತಂದರು. ಹಡಗಲಿ ಕಡೆಯ ಹೆಣ್ಣಿನವರು ನಿಮ್ಮಲ್ಲಿಗೆ ಬಂದು ಹೋದರಂತೆ, ಶಿವರಾತ್ರಿ ಕಳೆಯಲಿ, ಆಮೇಲೆ ನೋಡೋಣ ಎಂದು ನೀವು ಹೇಳಿ ಕಳಿಸಿದಿರಂತೆ. ಆ ಗಡುವು ಯಾರಿಗಾಗಿ ಎಂದು ನನಗೆ ತಿಳಿಯಿತು. ಅದಕ್ಕೇ ಇವತ್ತು ಬರೆಯಲು ಕೂತೆ.

ನೀವು ಕೇಳಿದ್ದಕ್ಕೆ ಹೇಳುವ ಮೊದಲು ನೀವು ಕೇಳದಿರುವ ಒಂದು ಸಂಗತಿ ಹೇಳಬೇಕು. ಆ ದಿನ ನಮ್ಮ ಹಿತ್ತಲಲ್ಲಿ ನೀವು ಮಾಡಿದ್ದನ್ನು ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ.

ಉಪ್ಪಿಟ್ಟು ತಿಂದು ಕೈ ತೊಳೆಯಲು ನೀವು ಹಿಂದಕ್ಕೆ ಹೋದಿರಿ. ಬಚ್ಚಲ ಪಕ್ಕದಲ್ಲಿ ಉಳ್ಳಾಗಡ್ಡಿ ಮಡಿ ಇತ್ತು. ಎಲೆಗಳೆಲ್ಲ ಹಳದಿಯಾಗಿ ನೆಲಕ್ಕೆ ಮಲಗಿದ್ದವು. ನೀವು ಅದರ ಮುಂದೆ ನಿಂತಿರಿ. ಯಾರಾದರೂ ನೋಡುತ್ತಿದ್ದಾರೆಯೇ ಎಂದು ಹಿಂದೆ ತಿರುಗಿದಿರಿ, ಕಿಟಕಿಯ ಕಡೆ ನೋಡಲಿಲ್ಲ. ಆಮೇಲೆ ಕುಕ್ಕರುಗಾಲಲ್ಲಿ ಕೂತು, ಬಿದ್ದ ಗಿಡಗಳನ್ನು ಒಂದೊಂದಾಗಿ ಎತ್ತಿ ನಿಲ್ಲಿಸಿ, ಬುಡಕ್ಕೆ ಮಣ್ಣು ಒತ್ತಿದಿರಿ. ಅವು ಮತ್ತೆ ಬಿದ್ದವು. ಪ್ಯಾಂಟು ಮಡಚಿಕೊಂಡು ತೊಟ್ಟಿಯಿಂದ ಬಕೆಟಿನಲ್ಲಿ ನೀರು ತಂದು, ಬೇರು ಕೊಚ್ಚಿಹೋಗದಂತೆ ಅಂಗೈ ಅಡ್ಡವಿಟ್ಟು ಆ ಇಡೀ ಸಾಲಿಗೆ ಹೊಯ್ದಿರಿ.

ಅವು ಬಾಡಿರಲಿಲ್ಲ, ಮಾಗಿದ್ದವು. ಗಡ್ಡೆ ಬಲಿತ ಮೇಲೆ ನಾವು ನೀರು ನಿಲ್ಲಿಸುತ್ತೇವೆ. ನಾನೂ ಅಜ್ಜಿಯೂ ಬರಿಗಾಲಲ್ಲಿ ನಡೆದು ಸೊಪ್ಪನ್ನು ತುಳಿದು ಮಲಗಿಸುತ್ತೇವೆ. ಆಗ ಎಲೆಯ ಸತ್ವವೆಲ್ಲ ಕೆಳಗಿಳಿದು, ಮೇಲಿನ ಸಿಪ್ಪೆ ಒಣಗಿ ಕೆಂಪಾಗಿ, ಗಡ್ಡೆ ಬಾಳಿಕೆ ಬರುತ್ತದೆ. ಕಡೆಯಲ್ಲಿ ನೀರು ಕುಡಿದದ್ದು ಕೊಳೆಯುತ್ತದೆ, ಇಲ್ಲವೇ ಮೊಳೆಯುತ್ತದೆ. ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿ ಊರಿನವರ ಹೊಲಕ್ಕೆ ನೀರು ಹತ್ತಿಸಿಕೊಡುವುದೇ ನಿಮ್ಮ ಕಸುಬು. ಹಳದಿ ಎಲೆ ಕಂಡರೆ ನಿಮಗೆ ನೀರೇ ನೆನಪಾಗುವುದು ಸಹಜ. ಮೇಲಾಗಿ ಉಳ್ಳಾಗಡ್ಡಿ ಕಾಲಿಡದ ಮನೆಯಲ್ಲಿ ಬೆಳೆದವರು.

ಅದು ಗೊತ್ತಾದದ್ದೂ ಅವತ್ತೇ. ಉಪ್ಪಿಟ್ಟಿನ ತಟ್ಟೆಯನ್ನು ನಿಮ್ಮ ತಾಯಿ ಉಚ್ಚಂಗೆಮ್ಮನವರು ಮೆಲ್ಲಗೆ ಪಕ್ಕಕ್ಕೆ ಸರಿಸಿದಾಗ ನಮ್ಮ ಅವ್ವನ ಮುಖ ಸಣ್ಣದಾಯಿತು. ನೀವು ಚಿಕ್ಕವರಿದ್ದಾಗ ಜ್ವರ ಬಂದು ಏಳಲಾರದೆ ಮಲಗಿದ್ದನ್ನೂ, ಮಗ ಎದ್ದು ಕೂತರೆ ಸಾಕು, ಉಳ್ಳಾಗಡ್ಡಿ ಮನೆಗೆ ತರುವುದಿಲ್ಲ, ತಿನ್ನುವುದಿಲ್ಲ ಎಂದು ಹರಕೆ ಹೊತ್ತದ್ದನ್ನೂ ಅವರು ಹೇಳಿದರು. ಅಜ್ಜಿ, ಪಾಪ ನಿಮಗೆ ಅದು ಸೇರುತ್ತಿರಲಿಲ್ಲವೇನೋ ಎಂದಳು. ಅದಕ್ಕೆ ಅವರು, "ಸೇರಲ್ಲಂತ ಅಲ್ಲವ್ವಾ. ರೊಟ್ಟಿ ಜೊತಿಗೆ ಹಸಿ ಉಳ್ಳಾಗಡ್ಡಿ ಇಲ್ಲದಿದ್ರೆ ನನಗೆ ತುತ್ತು ಇಳೀತಿರಲಿಲ್ಲ. ಅದಕ್ಕೇ ಅದನ್ನೇ ಬಿಟ್ಟೆ," ಎಂದರು.

ಆ ಮಾತಿಗೆ ನೀವು ತಲೆ ತಗ್ಗಿಸಿದಿರಿ. ನಿಮ್ಮ ತಟ್ಟೆಯ ಅಂಚಿಗೆ ಸರಿಸಿಟ್ಟಿದ್ದ ಉಳ್ಳಾಗಡ್ಡಿ ಚೂರುಗಳನ್ನು ಅವರು ಅತ್ತ ತಿರುಗಿದಾಗ ತಿಂದದ್ದನ್ನೂ ನಾನು ನೋಡಿದ್ದೇನೆ. ಹೆದರಬೇಡಿ, ಯಾರಿಗೂ ಹೇಳಿಲ್ಲ.

ನೀವು ಬಕೆಟು ಎತ್ತಿದಾಗಲೇ ಕಿಟಕಿಯಿಂದ ಒಂದು ಮಾತು ಕೂಗಿದ್ದರೆ ಸಾಕಿತ್ತು. ಬೇಡ್ರಿ ಎಂದಿದ್ದರೂ ಆಗುತ್ತಿತ್ತು. ಬಾಯಿ ತೆರೆದೆ, ದನಿ ಬರಲಿಲ್ಲ. ಕಿಟಕಿಯ ಸರಳು ಹಿಡಿದು, ಇಡೀ ಸಾಲು ನೆನೆಯುವವರೆಗೂ ನೋಡುತ್ತಾ ನಿಂತೆ. ಕೈ ಒರೆಸಿಕೊಂಡು ಒಳಗೆ ಬಂದ ನೀವು ಬಾಗಿಲ ಬಳಿ ನಿಂತು, "ನಿಮ್ಮ ಮನಸಲ್ಲಿ ಏನೈತಿ ನೀವೇ ಹೇಳ್ರಿ. ಬೇರೆಯವರು ಹೇಳಿದ್ರೆ ನಾನು ಒಪ್ಪಲ್ಲ," ಎಂದಿರಿ. ನಾನು ತಲೆ ತಗ್ಗಿಸಿದೆ.

ನೀವು ಹೊರಟ ಮೇಲೆ ಅಜ್ಜಿ ಹಿತ್ತಲಿಗೆ ಹೋಗಿ ಅಲ್ಲಿಂದಲೇ ಕೂಗಿದಳು. ಯಾರು ನೀರು ಹಾಕಿದ್ದು ಎಂದಳು. ನಾನೇ ಎಂದೆ. ಕೊಟ್ಟೂರಿಗೆ ಹೋಗಿ ಬಿ.ಎ. ಓದಿ ಬಂದದ್ದು ಇದಕ್ಕೇನು ಎಂದು ಬೈಯುತ್ತಾ ಬಗ್ಗಿ ಕೆಸರು ನೋಡಿದಳು. ಅಲ್ಲಿ ಮೂಡಿದ್ದ ಹೆಜ್ಜೆಯನ್ನು ಗೇಣಿನಿಂದ ಅಳೆದು, "ನಿನಗ ಇಷ್ಟು ದೊಡ್ಡ ಪಾದ ಯಾವಾಗ ಬಂದ್ವಲೇ?" ಎಂದಳು. ಆಮೇಲೆ ಆ ಮಾತು ಎತ್ತಲಿಲ್ಲ. ಕೀಳುವಾಗ ಆ ಸಾಲಿನವನ್ನು ಮಾತ್ರ ಬೇರೆ ಪುಟ್ಟಿಗೆ ಹಾಕಿಸಿದಳು.

ಈಗ ನಾನು ಇಷ್ಟು ದಿನ ಯಾಕೆ ಬರೆಯಲಿಲ್ಲ ಎಂಬುದು. ಇದನ್ನು ನಾಚಿಕೆ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ನಾನೂ ಅನ್ನಿಸಿಕೊಂಡು ಸುಮ್ಮನಿದ್ದೆ. ನಿಜವಾಗಿ ಇದು ಹೆದರಿಕೆ. ಹತ್ತನೆಯ ತರಗತಿಯಲ್ಲಿದ್ದಾಗ ಅಜ್ಜಿ ಆ ಮಡಿಯನ್ನು ನನಗೆ ಬಿಟ್ಟುಕೊಟ್ಟಳು. ಸಸಿ ಹಚ್ಚುವುದು, ಕಳೆ ತೆಗೆಯುವುದು, ಬೀಜಕ್ಕೆ ಗಡ್ಡೆ ಆರಿಸುವುದು ಎಲ್ಲ ನನ್ನದೇ. ಪರೀಕ್ಷೆಗೆ ಪದ್ಯಗಳನ್ನು ಬಾಯಿಪಾಠ ಮಾಡಿದ್ದೂ ಅಲ್ಲೇ, ಗಟ್ಟಿಯಾಗಿ. ಮನೆಯೊಳಗೆ ನನ್ನ ದನಿ ಅಷ್ಟು ದೊಡ್ಡದೆಂದು ಯಾರಿಗೂ ಗೊತ್ತಿಲ್ಲ. ನಿಮ್ಮ ಮನೆಗೆ ಬಂದರೆ ಆ ಮಡಿ ಇರುವುದಿಲ್ಲ. ಇರಲಿ ಎಂದು ಕೇಳುವ ಬಾಯಿಯೂ ನನಗಿಲ್ಲ. ಕಣ್ಣೆದುರಿಗೆ ಒಂದು ತಪ್ಪಾಗುತ್ತಿದ್ದರೂ ಸರಳು ಹಿಡಿದು ನೋಡುತ್ತಾ ನಿಲ್ಲುವ ಸೊಸೆಯಾಗಿ ಅಲ್ಲಿ ಬಾಳುತ್ತೇನೇನೋ ಎಂದು ಹೆದರಿದೆ.

ನಿಮ್ಮ ತಾಯಿಯವರ ಹರಕೆ ಮುರಿಯಲು ನಾನು ಯಾವತ್ತೂ ಕೇಳುವುದಿಲ್ಲ. ನೀವು ಎದ್ದು ಕೂತದ್ದಕ್ಕೆ ಅವರು ಕೊಟ್ಟದ್ದು ಅದು. ನಾನು ಉಣ್ಣದೆ ಇರಬಲ್ಲೆ. ಬೆಳೆಯದೆ ಇರುವುದು ಕಷ್ಟ. ಹೊರಡುವ ಮುನ್ನ ಅವರೂ ಒಮ್ಮೆ ಹಿತ್ತಲ ಬಾಗಿಲಿಗೆ ಬಂದು, ಆ ಮಡಿಯನ್ನು ಬಹಳ ಹೊತ್ತು ನೋಡಿದರು. ಒಂದು ಗಿಡದ ಎಲೆ ಚಿವುಟಿ ಮೂಗಿನ ಹತ್ತಿರ ತಂದು, ಸೆರಗಿಗೆ ಬೆರಳು ಒರೆಸಿಕೊಂಡರು. ಅಂದಿನಿಂದ ನನಗೆ ಒಂದು ಯೋಚನೆ. ಹರಕೆ ಇರುವುದು ಮನೆಯೊಳಗೆ ತರುವುದಕ್ಕೆ, ತಿನ್ನುವುದಕ್ಕೆ. ಗೋಡೆಯಾಚೆ ಒಂದು ಮಡಿ ಹಸಿರಾಗಿ ನಿಂತು, ಬಲಿತದ್ದು ಅಕ್ಕಪಕ್ಕದ ಮನೆಗಳಿಗೆ ಹೋದರೆ ಅವರ ಮನಸ್ಸಿಗೆ ನೋವಾದೀತೋ, ಹಿತವಾದೀತೋ? ನನಗೆ ಗೊತ್ತಿಲ್ಲ. ಅವರನ್ನು ನಾನೇ ಕೇಳುತ್ತೇನೆ. ನನ್ನ ಪರವಾಗಿ ನೀವು ಕೇಳಬೇಡಿ. ಬೇಡ ಎಂದರೆ ಆ ಜಾಗದಲ್ಲಿ ಮೆಂತ್ಯೆ ಹಾಕುತ್ತೇನೆ, ಮುಖ ಊದಿಸಿಕೊಳ್ಳುವುದಿಲ್ಲ. ಆದರೆ ಕೇಳದೆ ಮಾತ್ರ ಬಿಡುವುದಿಲ್ಲ. ನನ್ನನ್ನು ಕೇಳಿದವರ ಮನೆಯಲ್ಲಿ ನಾನೂ ಕೇಳಬಹುದು ಎಂದುಕೊಂಡಿದ್ದೇನೆ.

ಇದನ್ನು ಇನ್‌ಲ್ಯಾಂಡಿನಲ್ಲಿ ಬರೆದು, ಅಂಚು ಅಂಟಿಸಿ, ನಾನೇ ಡಬ್ಬಿಗೆ ಹಾಕುತ್ತೇನೆ. ನೀವೂ ಮುಂದೆ ಕಾರ್ಡು ಬಳಸಬೇಡಿ. ಓಬಣ್ಣ ದಿನವೂ ನನ್ನನ್ನು ನೋಡಿ, ಬರೆದ್ಯೇನವ್ವಾ ಎನ್ನುತ್ತಾನೆ.

ನಿಮ್ಮ ತಾಯಿಯವರಿಗೆ ನನ್ನ ಶರಣುಗಳನ್ನು ತಿಳಿಸಿ.

ಕಿಟಕಿಯ ಬಳಿಯಿಂದ,
ಅಮೃತಾ

ತಾ.ಕ.: ಮಡಚುವ ಮುನ್ನ ಓದಿ ನೋಡಿದೆ. ಇಷ್ಟು ಬರೆದೂ ನೀವು ಕೇಳಿದ್ದಕ್ಕೆ ಉತ್ತರ ಬರೆದಿಲ್ಲ. ಆ ಪುಟ್ಟಿಯಲ್ಲಿದ್ದವು ಅರ್ಧ ಕೊಳೆತವು. ಉಳಿದವು ಎಳ್ಳಮಾವಾಸ್ಯೆಯ ಹೊತ್ತಿಗೇ ಮೊಳೆತವು, ಯಾರಿಗೂ ಹೇಳದೆ ಮತ್ತೆ ಮಡಿಯಲ್ಲಿ ಹೂಳಿದೆ. ಈಗ ಪ್ರತಿಯೊಂದಕ್ಕೂ ದಂಟು ಎದ್ದಿದೆ, ತುದಿಯಲ್ಲಿ ಬಿಳಿ ಪೊರೆಯೊಳಗೆ ಮೊಗ್ಗಿದೆ. ಯುಗಾದಿ ಕಳೆದ ಮೇಲೆ ಕರಿ ಬೀಜ ಸಿಗುತ್ತದೆ. ಉಳ್ಳಾಗಡ್ಡಿ ಬೀಜವನ್ನು ಬಹಳ ದಿನ ಇಟ್ಟುಕೊಳ್ಳಲಾಗುವುದಿಲ್ಲ, ವರ್ಷ ದಾಟಿದರೆ ಹುಟ್ಟುವುದೇ ಇಲ್ಲ. ಮುಂಗಾರಿನ ಮಿರಗದ ಮಳೆಗೆ ಚೆಲ್ಲಿಬಿಡಬೇಕು. ನನಗೆ ಒಪ್ಪಿಗೆ ಇದೆ. ನೀರು ಮಾತ್ರ ನಾನು ಹೇಳಿದಾಗ ಹಾಕಿ.