ಚೆನ್ನಾಗಿದ್ದಾರೆ ಎಂಬ ಟಿಕ್

ಮಾರ್ಚ್ ೪, ಬುಧವಾರ

ಹದಿನೇಳು ಕಾಲ್. ಹದಿನಾಲ್ಕು ಸಿಕ್ಕವು. ವಾರ್ಡಿನಿಂದ ನಮ್ಮ ಡೆಸ್ಕಿಗೆ ಹಿರಿಯ ಸಿಸ್ಟರ್ ಬಂದಿದ್ದಾರೆ, ನಿವೃತ್ತಿಗೆ ಇನ್ನೆರಡು ವರ್ಷ. ಕೆಲಸ ತೋರಿಸಿದೆ. ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಮನೆಗೆ ಹೋದವರಿಗೆ ವರ್ಷಕ್ಕೊಮ್ಮೆ ಫೋನು. ಚೆನ್ನಾಗಿದ್ದಾರೆ ಎಂದರೆ ಕಾರ್ಡಿನಲ್ಲಿ ಟಿಕ್. ಮೂಲೆಯಲ್ಲಿ ಪೆನ್ಸಿಲಿನಿಂದ, ಯಾರು ಎತ್ತಿದರು ಎಂದು — ಗಂಡನಾದರೆ ‘ಗಂ’, ಅತ್ತೆಯಾದರೆ ‘ಅ’. ಅದು ನನ್ನದೇ ಅಭ್ಯಾಸ, ಯಾರೂ ಕೇಳಿದ್ದಲ್ಲ.

ಅತ್ತೆ ಎತ್ತಿದರೂ ಟಿಕ್ಕೇ ಎಂದು ಕೇಳಿದರು. ಮನೆಯವರಿಗೆ ಗೊತ್ತಿರುತ್ತದಲ್ಲ ಎಂದೆ.

“ನಮ್ಮನೆಯವ್ರಿಗೆ ನನ್ನ ಚಪ್ಪಲಿ ಸೈಜೇ ಗೊತ್ತಿಲ್ಲ ಕಣಮ್ಮ.”

ನಕ್ಕೆವು.

ಮಾರ್ಚ್ ೯, ಸೋಮವಾರ

ನಮ್ಮಲ್ಲಿ ಚಿಕಿತ್ಸೆ ಪಡೆದ ದರ್ಜಿಯೊಬ್ಬಳು ಬಂದಿದ್ದಳು. ಆಪರೇಷನ್ ಆಗಿ ಆರು ವರ್ಷ. ಬಲಗೈ ಭುಜದಿಂದ ಬೆರಳಿನವರೆಗೆ ಊದಿದೆ. ರವಿಕೆಯ ಒಂದು ತೋಳನ್ನು ಮಾತ್ರ ಬಿಚ್ಚಿ, ಬಟ್ಟೆ ಕೂಡಿಸಿ ತಾನೇ ಹೊಲಿದುಕೊಂಡಿದ್ದಾಳೆ. ಅಚ್ಚುಕಟ್ಟು ಕೆಲಸ. ಕತ್ತರಿ ಹಿಡಿಯಲಾಗದೆ ಎರಡು ವರ್ಷವಾಯಿತಂತೆ. ಅಂಗಡಿ ಮುಚ್ಚಿದ್ದಾಳೆ.

ಕಾರ್ಡು ತೆಗೆದೆ. ಕಳೆದ ಮೂರು ವರ್ಷ, ಮೂರು ಟಿಕ್. ಮೂಲೆಯಲ್ಲಿ ಅ, ಅ, ಅ.

“ನೀವು ಫೋನ್ ಮಾಡ್ತಿದ್ರಾ? ನಂಗ್ಯಾರೂ ಹೇಳ್ಲೇ ಇಲ್ವಲ್ಲ.”

ದೂರುವ ದನಿಯಲ್ಲ. ಅದೇ ಕಷ್ಟ.

ಊತ ಶುರುವಾದಾಗಲೇ ಬಂದಿದ್ದರೆ ಕೈಗೆ ಬಿಗಿಪಟ್ಟಿ, ವ್ಯಾಯಾಮದಲ್ಲಿ ಬಹುಪಾಲು ಇಳಿಯುತ್ತಿತ್ತು ಎಂದರು ಡಾಕ್ಟರ್. ಈಗ ನೋಡಬೇಕಂತೆ. ಕಾರ್ಡು ತಿರುಗಿಸಿ, ಮತ್ತೆ ತಿರುಗಿಸಿ, ವಾಪಸ್ ಕೊಟ್ಟರು.

ಮಾರ್ಚ್ ೧೦

ಕಾರ್ಡುಗಳನ್ನೆಲ್ಲ ನಾನೂ ಸಿಸ್ಟರೂ ಮತ್ತೆ ನೋಡುತ್ತಿದ್ದೇವೆ. ಹೊಸ ನಿಯಮ: ಚಿಕಿತ್ಸೆ ಪಡೆದವರ ದನಿಯೇ ಕೇಳದೆ ಟಿಕ್ ಇಲ್ಲ. ಮೂರು ಪ್ರಶ್ನೆ. ಕೈ ಹೇಗಿದೆ. ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ. ಬೆನ್ನು, ಮೂಳೆ ಎಲ್ಲಾದರೂ ನೋವಿದೆಯಾ. ಕಾಯಿಲೆ ಮರಳುವುದು ಹೆಚ್ಚಾಗಿ ಮೂಳೆಗೇ.

ಪೆನ್ಸಿಲ್ ಗುರುತು ಎಣಿಸಿದೆ. ಇನ್ನೂರ ಹನ್ನೆರಡರಲ್ಲಿ ಅರವತ್ತೊಂದು, ಬೇರೆಯವರ ಬಾಯಿಮಾತು. ನನಗೆ ಗೊತ್ತಿಲ್ಲದೆ ಆದದ್ದಲ್ಲ. ಬರೆದಿಟ್ಟುಕೊಂಡೇ ಮಾಡಿದ್ದೇನೆ.

ಮಾರ್ಚ್ ೧೩, ಶುಕ್ರವಾರ

ಸಿಸ್ಟರ್ ಕೈಗೆ ನನ್ನ ಕಾರ್ಡು ಸಿಕ್ಕಿತು. ಇದ್ದೇ ಇತ್ತು ಅದೇ ಡಬ್ಬಿಯಲ್ಲಿ, ನನ್ನ ಚಿಕಿತ್ಸೆ ಮುಗಿದಂದಿನಿಂದ, ಎಂಟು ವರ್ಷ. ಕೊನೆಯ ತಪಾಸಣೆ ನಾಲ್ಕು ವರ್ಷದ ಹಿಂದೆ. ಆಮೇಲೆ ಬರೀ ಟಿಕ್, ನನ್ನ ಅಕ್ಷರದಲ್ಲಿ. ಮೂಲೆ ಖಾಲಿ.

“ಇದ್ರಲ್ಲಿ ಫೋನ್ ಎತ್ತಿದ್ಯಾರು?”

ದಿನಾ ಇಲ್ಲೇ ಇರುತ್ತೇನಲ್ಲ, ಎಂದೆ.

“ದೀಪದ ಬುಡ ಕತ್ತಲೆ” ಅಂದರು. ಕಾರ್ಡನ್ನು ತಾವು ಫೋನ್ ಮಾಡಬೇಕಾದವರ ಕಟ್ಟಿಗೆ ಸೇರಿಸಿಕೊಂಡರು.

ನನ್ನ ಬೆನ್ನುನೋವಿನ ವಿಷಯ ಹೇಳಲಿಲ್ಲ.

ಮಾರ್ಚ್ ೨೪

ಹನ್ನೊಂದು ದಿನ ಬರೆದಿಲ್ಲ. ಕೂತು ಬರೆಯುವುದು ಕಷ್ಟ. ಮೇಲಿನ ಶೆಲ್ಫಿಗೆ ಕೈ ಚಾಚಿದರೆ ಬೆನ್ನಿನ ನಡುವೆ ನೋವು, ಒಂದೇ ಜಾಗ. ಕುರ್ಚಿಯಿಂದ ಎಂದಿದ್ದೆ ಮನೆಯಲ್ಲಿ ಇವರಿಗೆ. ದಿಂಬು ತಂದುಕೊಟ್ಟರು. ಬಣ್ಣ ಒಪ್ಪಿತಾ ಎಂದು ಎರಡು ಸಲ ಕೇಳಿದರು.

ನಾನು ಹೆದರಬಾರದೆಂದು ಇವರು ಕೇಳುವುದಿಲ್ಲ. ಇವರು ಹೆದರಬಾರದೆಂದು ನಾನು ಹೇಳುವುದಿಲ್ಲ. ಹೀಗೇ ನಾಲ್ಕು ವರ್ಷ, ಚೆನ್ನಾಗಿ.

ಮಾರ್ಚ್ ೨೭, ಸಂಜೆ

ಆರು ಗಂಟೆಗೆ ಮನೆಯ ಫೋನು ರಿಂಗಾಯಿತು. ಇವರು ಪಾತ್ರೆ ತೊಳೆಯುತ್ತಿದ್ದವರು ಕೈ ಒರೆಸಿಕೊಳ್ಳುತ್ತ ಬಂದು ಎತ್ತಿದರು.

“ಹೂಂ ಸಿಸ್ಟರ್… ಚೆನ್ನಾಗಿದ್ದಾಳೆ. ಏನೂ ತೊಂದ್ರೆ ಇಲ್ಲ.”

ಆಮೇಲೆ ಆ ಕಡೆಯ ಮಾತು ಕೇಳಿಸಿಕೊಂಡರು. ನನ್ನ ಕಡೆ ನೋಡಿದರು.

“ನಿನ್ನ ಬಾಯಲ್ಲೇ ಕೇಳ್ಬೇಕಂತೆ.”

ತೆಗೆದುಕೊಂಡೆ. ಸಿಸ್ಟರ್ ನನ್ನನ್ನು ಗುರುತಿಲ್ಲದವಳಂತೆ ‘ನೀವು’ ಎಂದೇ ಕೇಳಿದರು, ಕಾರ್ಡು ಓದುವ ದನಿಯಲ್ಲಿ. ಕೈ — ಸರಿಯಿದೆ. ಮಾತ್ರೆ — ಮುಗಿದು ಮೂರು ವರ್ಷ. ಮೂರನೆಯದನ್ನು ಕೇಳಿ ಕಾಯುತ್ತಿದ್ದರು.

ಇವರು ಟವೆಲ್ ಹಿಡಿದು ಅಲ್ಲೇ ನಿಂತಿದ್ದರು. ‘ಒಳಗೆ ಹೋಗಿ’ ಎನ್ನಬಹುದಿತ್ತು. ಎನ್ನಲಿಲ್ಲ.

“ಬೆನ್ನು,” ಎಂದೆ. “ಐದು ವಾರದಿಂದ…”