ಗಂಡನ ಹೆಸರು ಹೇಳದ ಗಂಗೆಗೆ ವೈ-ಫೈ ಪಾಸ್‌ವರ್ಡ್ ಕೊಡದ ಅಧಿಕಾರಿಗಳಿಗೆ

ಭಟ್ಕಳ, ಹೊನ್ನಾವರ, ಕುಮಟಾ, ಮೂರೂ ತಾಲೂಕುಗಳ ಮಹಾಜನರೇ! ಮೀನು ಮಾರಿ ಬುಟ್ಟಿ ಕೆಳಗಿಟ್ಟ ತಾಯಂದಿರೇ, ಬಸ್ಸಿಗೆ ಕಾದು ನಿಂತ ಅಣ್ಣಂದಿರೇ, ಹೋಟೆಲಿನ ಬೆಂಚಿನಲ್ಲಿ ಒಂದೇ ಪತ್ರಿಕೆಯ ಹಾಳೆಗಳನ್ನು ಹಂಚಿಕೊಂಡು ಓದುತ್ತಿರುವ ಹಿರಿಯರೇ! ಸ್ವಲ್ಪ ಹತ್ತಿರ ಬನ್ನಿ. ಹಿಂದೆ ನಿಂತವರು ಮುಂದೆ ಬನ್ನಿ. ಈ ಪತ್ರ ನಿಮಗೆ ಬರೆದದ್ದಲ್ಲ. ಆದರೆ ನೀವು ಸಾಕ್ಷಿಗಿಲ್ಲದಿದ್ದರೆ ಇದನ್ನು ಬರೆದು ಉಪಯೋಗವೂ ಇಲ್ಲ. ಇದೇ ಮಾತನ್ನು ನಾನು ಕೌಂಟರಿನ ಗಾಜಿನ ಮುಂದೆ ನಿಂತು ಆಡಿದ್ದೇನೆ, ಗಾಜಿನಾಚೆಯವರು ಬಿಸ್ಕತ್ತು ತಿನ್ನುತ್ತಿದ್ದರು.

ಅಂತರ್ಜಾಲ ಕಂಪನಿಯ ಗ್ರಾಹಕ ದೂರು ವಿಭಾಗದ ಮುಖ್ಯಾಧಿಕಾರಿಗಳೇ, ಕುಮಟಾದ ತಣ್ಣನೆಯ ಕೋಣೆಯಲ್ಲಿ ಆಸೀನರಾಗಿರುವ ಮಾನ್ಯರೇ! ನನ್ನ ದೂರು ಇಷ್ಟೇ. ನಮ್ಮೂರು ಬೆಳಕೆಯಲ್ಲಿ ನನ್ನ ತಂಗಿ ಗಂಗೆಯ ಮನೆಯಲ್ಲಿ ನಿಮ್ಮ ವೈ-ಫೈ ಇದೆ. ಅವಳ ಕೈಯಲ್ಲಿ ಫೋನ್ ಇದೆ. ಎರಡೂ ಒಂದೇ ಸೂರಿನ ಕೆಳಗೆ, ಒಂದು ಮೊಳದ ಅಂತರದಲ್ಲಿವೆ. ಆದರೂ ಅವು ಸೇರದಂತೆ ನೀವು ನಡುವೆ ನಿಂತಿದ್ದೀರಿ. ಹೊಸ ಪಾಸ್‌ವರ್ಡ್ ನಿಮ್ಮ ಬಳಿ ಇದೆ. ಅದು ಬೇಕಾದರೆ ಅವಳು ತನ್ನ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬೇಕಂತೆ. ಅವಳು ಹೇಳುವುದಿಲ್ಲ, ನೀವು ಕೊಡುವುದಿಲ್ಲ. ಈ ಹಟದ ನಡುವೆ ಆರು ವರ್ಷದ ಹೆಣ್ಣುಮಗುವೊಂದು ತನ್ನ ಅಪ್ಪ ಸತ್ತುಹೋಗಿದ್ದಾನೆಂದು ನಂಬಿ ಕುಳಿತಿದೆ.

ಆ ಮಗುವಿನ ಹೆಸರು ಧನ್ಯಾ. ಹುಟ್ಟಿನಿಂದ ಕಿವಿ ಕೇಳಿಸದು, ಹಾಗಾಗಿ ಮಾತೂ ಬಂದಿಲ್ಲ. ಅವಳ ಭಾಷೆಯೆಲ್ಲ ಕೈಯಲ್ಲಿದೆ. ಮಳೆ ಎಂದರೆ ಹತ್ತು ಬೆರಳೂ ಕೆಳಗಿಳಿಯುತ್ತವೆ, ಮೀನು ಎಂದರೆ ಅಂಗೈ ಓರೆಯಾಗಿ ಈಜುತ್ತದೆ, ಅಪ್ಪ ಎಂದರೆ ಎರಡು ಬೆರಳು ಮೂಗಿನ ಕೆಳಗೆ ಮೀಸೆ ತಿರುವುತ್ತವೆ. ಆ ಮೀಸೆಯ ಒಡೆಯ ನನ್ನ ಭಾವ ಮಾಬ್ಲೇಶ್ವರ, ಸರಕು ಹಡಗಿನ ಇಂಜಿನ್ ಕೋಣೆಯಲ್ಲಿ ಕೆಲಸ. ನಿಮ್ಮ ನನ್ನ ಮಕ್ಕಳಾದರೆ ಫೋನ್ ಕಿವಿಗಿಟ್ಟು ‘ಅಪ್ಪಾ, ಎಂತ ತರ್ತೆ?’ ಎಂದು ಕೇಳಿ ಮುಗಿಸುತ್ತವೆ. ಈ ಮಗುವಿಗೆ ಅಪ್ಪನ ಮುಖ ಕಾಣಬೇಕು, ಕೈ ಕಾಣಬೇಕು. ಬೆಳಕೆಯ ಮೊಬೈಲ್ ಸಿಗ್ನಲ್ಲಿನಲ್ಲಿ ದನಿ ಬರುತ್ತದೆ, ಮುಖ ಬರುವುದಿಲ್ಲ. ಅದಕ್ಕೆಂದೇ ಆತ ಹೋದ ರಜೆಯಲ್ಲಿ ಮುಂದೆಯೂ ಕ್ಯಾಮೆರಾ ಇರುವ ಫೋನ್ ತಂದುಕೊಟ್ಟ, ನಿಮ್ಮ ಸಂಪರ್ಕ ಹಾಕಿಸಿದ. ಹಡಗು ಬಂದರಿಗೆ ತಾಗಿದಾಗಲೆಲ್ಲ ಅವನು ನಾವಿಕರ ಕ್ಲಬ್ಬಿನ ಕಂಪ್ಯೂಟರಿನ ಮುಂದೆ, ಇವಳು ಅಡುಗೆಮನೆಯ ಹೊಸ್ತಿಲ ಮೇಲೆ! ಇಬ್ಬರ ಕೈಗಳೂ ಮಾತಾಡುತ್ತಿದ್ದವು. ಚಿತ್ರ ತಡೆತಡೆದು ಬರುತ್ತಿತ್ತು, ಆದರೆ ಮಗು ನಗುವಾಗ ತಡೆಯಿರಲಿಲ್ಲ.

ಆಮೇಲೆ ಜೂನಿನ ಮೊದಲ ಸಿಡಿಲು. ಹಳೆಯ ಮೋಡೆಮ್ ಸುಟ್ಟಿತು. ನಿಮ್ಮವನೊಬ್ಬ ಬೈಕಿನಲ್ಲಿ ಬಂದು ಹೊಸದನ್ನು ಗೋಡೆಗೆ ಹೊಡೆದ. ದೀಪ ಹತ್ತಿತು. ‘ಪಾಸ್‌ವರ್ಡ್ ಎಂತದು?’ ಎಂದು ಗಂಗೆ ಕೇಳಿದರೆ ‘ಆಫೀಸಿಂದ ಮೆಸೇಜ್ ಬತ್ತದೆ ಅಕ್ಕ’ ಎಂದು ಹೊರಟೇಬಿಟ್ಟ. ಮೆಸೇಜು ಬಂತು ಸ್ವಾಮಿ, ಬಾರದೆ ಇರುತ್ತದೆಯೇ? ಗ್ರಾಹಕನ ನೋಂದಾಯಿತ ಮೊಬೈಲಿಗೇ ಬಂತು! ಆ ಸಿಮ್ಮು ಸಮುದ್ರದ ಮಧ್ಯೆ ಮಾಬ್ಲೇಶ್ವರನ ಪೆಟ್ಟಿಗೆಯ ತಳದಲ್ಲಿದೆ, ಅಲ್ಲಿಗೆ ನಿಮ್ಮ ಮೆಸೇಜ್ ಈಜಿಕೊಂಡು ಹೋಗಬೇಕು. ಅವನೇ ನಿಮಗೆ ಫೋನ್ ಮಾಡಬಹುದಲ್ಲ ಎನ್ನುತ್ತೀರಾ? ಮಾಡಿದ. ನಿಮ್ಮ ಉಚಿತ ದೂರು ಸಂಖ್ಯೆ ಹೊರದೇಶದಿಂದ ತಾಗುವುದೇ ಇಲ್ಲ.

ನಾವು ಮಾಡದ ಕಸರತ್ತಿಲ್ಲ. ಫೋನ್ ಆರಿಸಿದೆವು, ಹಚ್ಚಿದೆವು. ಬ್ಯಾಟರಿ ಕಿತ್ತು ಒರೆಸಿ ಹಾಕಿದೆವು. ಉಪ್ಪುಗಾಳಿಗೆ ಕೆಟ್ಟಿರಬೇಕೆಂದು ಪಕ್ಕದ ಮನೆಯ ತಿಮ್ಮಕ್ಕ ಹೇಳಿದ್ದಕ್ಕೆ ಅಕ್ಕಿಯ ಡಬ್ಬದಲ್ಲಿ ಹೂತೂ ಇಟ್ಟೆವು. ಪರದೆಯ ಮೇಲೆ ನಿಮ್ಮ ವೈ-ಫೈಯ ಹೆಸರು ಠೀವಿಯಿಂದ ಬರುತ್ತದೆ, ಒತ್ತಿದರೆ ಪಾಸ್‌ವರ್ಡ್ ಕೇಳುತ್ತದೆ, ಹಳೆಯದನ್ನು ಕೊಟ್ಟರೆ ತಪ್ಪು ಎನ್ನುತ್ತದೆ. ಕೊನೆಗೆ ಹೊನ್ನಾವರದ ಮೊಬೈಲ್ ಅಂಗಡಿಯ ದಿನಕರನ ಬಳಿಗೆ ಹೊತ್ತುಕೊಂಡು ಹೋದೆ. ಅವನ ಅಂಗಡಿಯ ವೈ-ಫೈಗೆ ಅದು ಕಣ್ಣು ಮಿಟುಕಿಸುವುದರೊಳಗೆ ಸೇರಿಕೊಂಡಿತು. ಅಲ್ಲಿಂದಲೇ ಅಪ್ಪನನ್ನು ತೋರಿಸಬಹುದಲ್ಲ ಎನ್ನಬೇಡಿ, ಮಾಬ್ಲೇಶ್ವರನಿಗೆ ಕ್ಲಬ್ಬಿನ ಕಂಪ್ಯೂಟರ್ ಸಿಗುವುದು ಪಾಳಿ ಮುಗಿದ ರಾತ್ರಿಯಲ್ಲಿ, ಅಷ್ಟರಲ್ಲಿ ಅಂಗಡಿಯೂ ಮುಚ್ಚಿರುತ್ತದೆ, ಊರಿನ ಕೊನೆಯ ಬಸ್ಸೂ ಹೋಗಿರುತ್ತದೆ.

‘ದೇವಪ್ಪಣ್ಣ, ಫೋನಿಗೆ ಎಂತದೂ ಆಗ್ಲಿಲ್ಲ. ಮನೆ ಬಾಗ್ಲಿಗೆ ಹೊಸ ಬೀಗ ಹಾಕಿ ಕೀ ಅವ್ರೇ ತಕಂಡು ಹೋಗಿದ್ರು. ಅಷ್ಟೇ.’

‘ಮೋಡೆಮ್ಮಿನ ಹಿಂದೆ ಸಣ್ಣ ತೂತದೆಯಲ್ಲ ಮಾರಾಯ, ಅದಕ್ಕೆ ಸೂಜಿ ಹಾಕಿದ್ರೆ?’

‘ಹಾಕಿ! ಬೀಗದ ಜೊತಿಗೆ ಬಾಗ್ಲೂ ಹೋಗ್ತದೆ. ಕಂಪನಿಯವ್ರು ಒಳಗೆ ಬರ್ದಿಟ್ಟದ್ದೆಲ್ಲ ಅಳಿಸಿ, ಆ ದೀಪವೂ ಉರಿಯೂದಿಲ್ಲ. ಕೀ ಅವ್ರೇ ಕೊಡ್ಬೇಕು.’

ಸರಿ, ನಿಮ್ಮ ಹೊನ್ನಾವರದ ಶಾಖೆಗೆ ಗಂಗೆಯನ್ನು ಕರೆದುಕೊಂಡು ಹೋದೆ. ಗಂಡನ ಹೆಸರು ಅಚ್ಚಾಗಿರುವ ಮತದಾರರ ಗುರುತಿನ ಚೀಟಿಯನ್ನೇ ಗಾಜಿನ ಕೆಳಗೆ ತೂರಿಸಿದಳು. ಅದನ್ನು ನಿಮ್ಮ ಗುಮಾಸ್ತರು ಮುಟ್ಟಿಯೂ ನೋಡಲಿಲ್ಲ. ಪಾಸ್‌ವರ್ಡನ್ನು ಕೌಂಟರಿನಲ್ಲಿ ಕೊಡುವ ಪದ್ಧತಿಯಿಲ್ಲವಂತೆ, ದೂರು ಸಂಖ್ಯೆಗೇ ಕರೆ ಮಾಡಬೇಕಂತೆ. ಕರೆ ಮಾಡಿದೆವು. ಮಹಾಜನರೇ, ಆ ಸಂವಾದವನ್ನು ಒಂದಕ್ಷರ ಬಿಡದೆ ಒಪ್ಪಿಸುತ್ತೇನೆ, ಕೇಳಿ.

‘ಸಂಪರ್ಕ ಯಾರ ಹೆಸರಿನಲ್ಲಿದೆ ಮೇಡಂ?’

‘ನಮ್ಮ ಮನೆಯವ್ರ ಹೆಸ್ರಲ್ಲಿ.’

‘ಅವರ ಹೆಸರು?’

‘ಅದೇ, ಧನ್ಯಾನ ಅಪ್ಪ.’

‘ಪೂರ್ತಿ ಹೆಸರು ಹೇಳಿ ಮೇಡಂ.’

‘ಗೋಕರ್ಣದಲ್ಲಿ ದೇವ್ರಿಲ್ವಾ? ಆ ದೇವ್ರ ಹೆಸ್ರೇ ಅವ್ರದ್ದೂ.’

‘ಗೋಕರ್ಣ ಎಂಬ ಹೆಸರಲ್ಲಿ ಯಾವ ಸಂಪರ್ಕವೂ ಇಲ್ಲ ಮೇಡಂ.’

‘ಅಯ್ಯೋ ತಂಗಿ, ಗೋಕರ್ಣ ಅಂದ್ರೆ ಊರು! ನಿಮ್ಮ ಆಫೀಸಲ್ಲಿ ಗೋಕರ್ಣ ಕಂಡವ್ರು ಒಬ್ರೂ ಇಲ್ವಾ? ಕೇಳು ಯಾರತ್ರಾದ್ರೂ.’

ನನಗೆ ತಡೆಯಲಾಗಲಿಲ್ಲ. ಪಕ್ಕದಿಂದಲೇ ‘ಮಾಬ್ಲೇಶ್ವರ! ಮಾಬ್ಲೇಶ್ವರ!’ ಎಂದು ಗರ್ಜಿಸಿದೆ. ಮೈಕಿಲ್ಲದ ಕಾಲದಲ್ಲಿ ನಾಟಕದ ಮಾತನ್ನು ಗದ್ದೆಯ ಆಚೆ ಅಂಚಿಗೆ ಮುಟ್ಟಿಸಿದ ಕಂಠ ಇದು. ಆ ಹುಡುಗಿ ಬೆಚ್ಚಿಬಿದ್ದದ್ದು ನನಗೇ ಕೇಳಿಸಿತು. ‘ಹಿಂದಿನಿಂದ ಯಾರೋ ಹೇಳಿಕೊಡುತ್ತಿದ್ದಾರೆ, ಅದು ನಿಯಮಕ್ಕೆ ವಿರುದ್ಧ’ ಎಂದು ಕರೆ ಕಡಿದಳು. ಹಿಂದಿನಿಂದ ಮಾತು ಹೇಳಿಕೊಡುವವನಿಲ್ಲದೆ ಯಾವ ಚಕ್ರವರ್ತಿ ತಾನೇ ಸಿಂಹಾಸನದ ಮೇಲೆ ಬಾಯಿ ತೆರೆದಿದ್ದಾನೆ ಸ್ವಾಮಿ? ಮರುದಿನ ನಾನೇ ಗಂಡಸಿನ ದನಿಯಲ್ಲಿ ಮಾತಾಡಿದೆ. ‘ನೀವು ಯಾರು?’ ‘ಗ್ರಾಹಕನ ಹೆಂಡತಿಯ ಅಣ್ಣ.’ ‘ಅಣ್ಣನಿಗೆ ಅಧಿಕಾರವಿಲ್ಲ. ಗ್ರಾಹಕರು, ಇಲ್ಲವೇ ಅವರ ಪತ್ನಿ ಮಾತ್ರ.’

ಈಗ ನೀವು ಕನ್ನಡಕ ಒರೆಸಿಕೊಂಡು ‘ಇದು ಮೂಢನಂಬಿಕೆ, ಈ ಕಾಲದಲ್ಲೂ ಗಂಡನ ಹೆಸರು ಹೇಳದವರಿದ್ದಾರೆಯೇ?’ ಎನ್ನುತ್ತೀರಿ. ಇದ್ದಾರೆ. ಬೆಳಕೆಯಿಂದ ಹಳದೀಪುರದವರೆಗೆ ಯಾವ ಮನೆಯ ಬಾಗಿಲು ಬೇಕಾದರೂ ಬಡಿದು ನೋಡಿ. ನಂಬಿಕೆಯ ವಿಚಾರದಲ್ಲಿ ನಮಗೆ ಉಪದೇಶ ಮಾಡುವ ಮೊದಲು ನಿಮ್ಮ ಹೊನ್ನಾವರದ ಶಾಖೆಯ ಬಾಗಿಲಿಗೆ ತೂಗುಹಾಕಿರುವ ನಿಂಬೆಹಣ್ಣು, ಹಸಿಮೆಣಸಿನಕಾಯಿಯ ಸರವನ್ನು ಇಳಿಸಿ. ಯಂತ್ರಗಳಿಗೆ ದೃಷ್ಟಿಯಾಗಬಾರದೆಂದು ನೀವು ಮೆಣಸಿನಕಾಯಿ ಕಟ್ಟಬಹುದು, ಸಮುದ್ರದ ಮೇಲಿರುವ ಗಂಡನಿಗೆ ಏನೂ ಆಗಬಾರದೆಂದು ನನ್ನ ತಂಗಿ ಬಾಯಿ ಕಟ್ಟಬಾರದೋ?

‘ಒಂದು ಸಲ ಹೇಳ್ಬಿಡೇ, ಎಂತದೂ ಆಗೂದಿಲ್ಲ’ ಎಂದು ನಾನೂ ಅವಳ ಬೆನ್ನುಬಿದ್ದೆ. ಅವಳು ಬಲೆಗೆ ಹಾಕುತ್ತಿದ್ದ ಗಂಟು ನಿಲ್ಲಿಸಿ ನನ್ನನ್ನು ನೋಡಿದಳು.

‘ಅಣ್ಣ, ನೀನು ಸ್ಟೇಜಿನ ಮೇಲೆ ಎಷ್ಟು ಸಲ ಸತ್ತಿದ್ದೆ? ಪರದೆ ಬಿದ್ದ ಮೇಲೆ ಎದ್ದು ಬಂದು ಚಾ ಕುಡಿತೆ. ಅವ್ರು ನೀರ ಮೇಲೆ ಇದ್ದವ್ರು. ನನ್ನತ್ರ ನಾಟಕ ಮಾಡ್ಬೇಡ.’

ನಾನು ಮಾಡಿದೆ. ಅವಳ ಬಳಿಯಲ್ಲ, ನಿಮ್ಮ ಬಳಿ. ನಮ್ಮ ಅಪ್ಪ ಮಳೆಗಾಲದಲ್ಲಿ ದೋಣಿಗಳು ದಡ ಸೇರಿದಾಗ ನಾಟಕದ ತಾಲೀಮು ನಡೆಸುತ್ತಿದ್ದವರು. ಮೀಸೆ ಚಿಗುರುವವರೆಗೂ ರಾಣಿಯ ಪಾತ್ರಗಳೆಲ್ಲ ನನ್ನವೇ. ನನ್ನ ಗಂಡುದನಿ ನಿಮ್ಮವರಿಗೆ ಆಗಲೇ ಗುರುತಾಗಿತ್ತು, ಹಾಗಾಗಿ ಆ ಕಂಠವನ್ನು ಮತ್ತೆ ಎಬ್ಬಿಸಿ, ತಲೆಗೆ ಟವೆಲು ಹೊದ್ದು, ನಿಮ್ಮ ದೂರು ಸಂಖ್ಯೆಗೆ ಕರೆ ಮಾಡಿ ಗಂಗೆಯಾಗಿ ಮಾತಾಡಿದೆ. ಎಂಥ ಲಜ್ಜೆ, ಎಂಥ ವಿನಯ! ಗಂಡನ ಹೆಸರು ಕೇಳಿದಾಗ ಸಣ್ಣದೊಂದು ನಿಟ್ಟುಸಿರು ಬಿಟ್ಟು ‘ಮಾಬ್ಲೇಶ್ವರ ಅಂತ’ ಎಂದೆ. ಆ ಕಡೆ ಕೀಲಿ ಒತ್ತುವ ಸದ್ದು. ಆಮೇಲೆ ಬಂತು ನಿಮ್ಮ ಕಂಪನಿಯ ಅಮೃತವಾಣಿ:

‘ಮೇಡಂ, ಈ ಗ್ರಾಹಕರ ಪತ್ನಿ ಹಿಂದೆ ಪ್ರತಿ ಸಲ ಕರೆ ಮಾಡಿದಾಗಲೂ ಗಂಡನ ಹೆಸರು ಹೇಳಿಲ್ಲ. ನೀವು ಹೇಳಿದ್ದೀರಿ. ಹಾಗಾಗಿ ನೀವು ಅವರಲ್ಲ.’

ಮಹಾಜನರೇ, ಚಪ್ಪಾಳೆ ಬೇಡ, ಸ್ವಲ್ಪ ಯೋಚಿಸಿ. ಹೆಸರು ಹೇಳದಿದ್ದರೆ ಅವಳು ಗಂಗೆಯೆಂದು ಒಪ್ಪುವುದಿಲ್ಲ. ಹೆಸರು ಹೇಳಿದರೆ ಅವಳು ಗಂಗೆಯೇ ಅಲ್ಲ! ಅಧಿಕಾರಿಗಳೇ, ನಿಮ್ಮ ಬಾಯಿಂದಲೇ ತೀರ್ಪು ಬಿದ್ದಾಗಿದೆ. ಕಪಟ ಗಂಗೆಯನ್ನು ನೀವು ಹಿಡಿದದ್ದು ಹೇಗೆ? ನಿಜವಾದ ಗಂಗೆ ಆ ಹೆಸರು ಹೇಳುವವಳಲ್ಲ ಎಂದು ನಿಮಗೆ ಗೊತ್ತಿತ್ತು, ಅದರಿಂದ. ಅಂದರೆ ಅವಳು ಯಾರೆಂದು ನಿಮಗೆ ಚೆನ್ನಾಗಿಯೇ ಗೊತ್ತು. ಯಾರ ಹೆಂಡತಿಯೆಂದೂ ಗೊತ್ತು. ಗುರುತು ಸಿಕ್ಕಿದೆ ಸ್ವಾಮಿ, ಸಿಕ್ಕಿ ಎಷ್ಟೋ ದಿನವಾಗಿದೆ! ಗುರುತು ಹಿಡಿದ ಮೇಲೂ ಗುರುತು ಕೇಳುವುದನ್ನು ನಮ್ಮೂರಿನಲ್ಲಿ ಕಾನೂನು ಎನ್ನುವುದಿಲ್ಲ, ಸತಾಯಿಸುವುದು ಎನ್ನುತ್ತಾರೆ. ನನ್ನ ನಾಟಕಕ್ಕೆ ಪ್ರತಿಯಾಗಿ ಆ ಸಂಪರ್ಕದ ಮೇಲೆ ‘ಅನುಮಾನಾಸ್ಪದ’ ಎಂಬ ಮೊಹರು ಬೇರೆ ಒತ್ತಿದ್ದೀರಿ. ಒತ್ತುವುದಾದರೆ ನನ್ನ ಹಣೆಗೆ ಒತ್ತಿ. ಆ ತಾಯಿ ಮಗಳು ನಿಮಗೇನು ಮಾಡಿದ್ದರು?

ಈಗ ಕೇಳಿ, ಇಲ್ಲಿಂದ ಮುಂದೆ ನನ್ನ ದನಿ ತಗ್ಗುತ್ತದೆ. ಹೋದ ವರ್ಷ ಧನ್ಯಾಳ ಅಜ್ಜ ತೀರಿಕೊಂಡರು. ಅವರ ಫೋಟೋ ಗೋಡೆಗೆ ಬಂತು, ಅದಕ್ಕೆ ಹೂವಿನ ಸರ ಬಂತು. ಅಜ್ಜ ಮತ್ತೆ ಬರಲಿಲ್ಲ. ಮಗು ಅದನ್ನು ನೋಡಿ ಲೆಕ್ಕ ಹಾಕಿಕೊಂಡಿದೆ. ಅದೇ ಗೋಡೆಯಲ್ಲಿ ಅಪ್ಪನ ಫೋಟೋವೂ ಇದೆ. ಫೋನಿನಲ್ಲಿ ಅಪ್ಪ ಬರುವುದು ನಿಂತು ಮಳೆಗಾಲವೇ ಕಳೆಯಿತು. ಮಾಬ್ಲೇಶ್ವರ ದೂರದಿಂದ ಮಾಡುವ ಕರೆ ಗಂಗೆಯ ಕಿವಿಗೆ ಬರುತ್ತದೆ, ಮಗುವಿಗೆ ಅದರಿಂದ ಎಂತ ತಿಳಿಯಬೇಕು? ಅಮ್ಮ ಕಿವಿಗೆ ಫೋನಿಟ್ಟು ಕಣ್ಣೊರೆಸಿಕೊಳ್ಳುವುದಷ್ಟೇ ಅದಕ್ಕೆ ಕಾಣುವುದು. ಚೌತಿ ಕಳೆದ ವಾರ, ಗಂಗೆ ಮೀನು ತೊಳೆದು ಒಳಗೆ ಬರುತ್ತಾಳೆ, ಧನ್ಯಾ ಸ್ಟೂಲಿನ ಮೇಲೆ ಹತ್ತಿ ನಿಂತಿದ್ದಾಳೆ. ತನ್ನ ಜಡೆಯ ಅಬ್ಬಲಿಗೆ ಹೂವಿನ ದಂಡೆಯನ್ನು ಬಿಚ್ಚಿ ಅಪ್ಪನ ಫೋಟೋಗೆ ಹಾಕುತ್ತಿದ್ದಾಳೆ.

ಗಂಗೆ ಕೂಗಿದ ಕೂಗಿಗೆ ನಾನು ನನ್ನ ಮನೆಯಿಂದ ಓಡಿಬಂದೆ. ಹೂವು ಕಿತ್ತೆಸೆದಿದ್ದಳು. ಮಗುವಿನ ಎರಡೂ ಕೈಗಳನ್ನು ತನ್ನ ಕೈಯಲ್ಲಿ ಬಿಗಿಹಿಡಿದು ‘ಇದಾರೆ ಮಗಾ, ಇದಾರೆ, ನಿನ್ನ ಅಪ್ಪ ಇದಾರೆ’ ಎನ್ನುತ್ತಿದ್ದಳು. ಕೇಳಿಸದ ಮಗುವಿಗೆ ಹೇಳುತ್ತಿದ್ದಳು. ಧನ್ಯಾ ಅತ್ತ ನೋಡದೆ, ನೆಲದ ಹೂವಿನ ಕಡೆಗೆ ನೋಡುತ್ತಿದ್ದಳು. ಆಯುಷ್ಯಕ್ಕೆ ಕುಂದು ಬರಬಾರದೆಂದು ಹೆಸರನ್ನೂ ಬಾಯಿಗೆ ತಾರದ ಹೆಂಗಸಿನ ಮನೆಯಲ್ಲಿ, ಆ ಗಂಡನ ಫೋಟೋಗೆ ಹೂವು ಬಿತ್ತು. ಇದನ್ನು ಮಾಡಿಸಿದವರು ಯಾರು? ಸಿಡಿಲೇ? ಸಮುದ್ರವೇ? ಅಲ್ಲ. ನೀವು.

ಬೇರೆ ಫೋಟೋ ತೋರಿಸಿ ಸಮಾಧಾನ ಹೇಳಿ ಎಂದು ನಿಮ್ಮ ಗುಮಾಸ್ತರೊಬ್ಬರು ಸಲಹೆ ಕೊಟ್ಟರು. ಫೋಟೋ ಎಂದರೆ ಸತ್ತವರು ಎಂದು ತಿಳಿದಿರುವ ಮಗುವಿಗೆ ಇನ್ನೊಂದು ಫೋಟೋ! ಅವಳಿಗೆ ಬೇಕಾಗಿರುವುದು ಕಣ್ಣು ಮಿಟುಕಿಸುವ, ಕೈಯಾಡಿಸುವ ಅಪ್ಪ. ಅವನ ಹಡಗು ಈಗ ಸಿಂಗಾಪುರದಲ್ಲಿ ದುರಸ್ತಿಗೆ ನಿಂತಿದೆ, ಬರುವ ಶನಿವಾರ ಬಂದರು ಬಿಡುತ್ತದೆ. ಆಮೇಲೆ ಆಫ್ರಿಕಾದ ಆಚೆ ದಂಡೆ. ಅಲ್ಲಿ ಕಂಪ್ಯೂಟರ್ ಸಿಗುವುದು ಯಾವಾಗಲೋ, ಸಿಗುವುದಾದರೆ!

ಆದ್ದರಿಂದ ಬೇಡುವುದಿಲ್ಲ, ಕೇಳುತ್ತೇನೆ. ಆ ಸಂಪರ್ಕದ ಮೇಲಿನ ಮೊಹರನ್ನು ಅಳಿಸಿ. ಪಾಸ್‌ವರ್ಡನ್ನು ಗಂಗೆಯ ಕೈಗೆ ಕೊಡಿ. ಗಂಡನ ಹೆಸರು ಹೇಳಲೊಲ್ಲದ ಹೆಂಗಸರಿಗೆ ಬೇರೆ ಪ್ರಶ್ನೆ ಕೇಳುವಷ್ಟು ಬುದ್ಧಿಯನ್ನು ನಿಮ್ಮ ವಿಭಾಗಕ್ಕೆ ಕಲಿಸಿ. ಅವರ ಮನೆಯ ಬಾವಿ ಯಾವ ದಿಕ್ಕಿಗಿದೆ ಎಂದು ಕೇಳಿ, ಗಂಡನಿಗೆ ಯಾವ ಮೀನು ಸೇರುವುದಿಲ್ಲ ಎಂದು ಕೇಳಿ. ಯಾವ ಕಪಟಿಯೂ ಹೇಳಲಾರದ ಉತ್ತರ ಸಿಗುತ್ತದೆ. ನನ್ನಂಥ ನಟನಿಗೂ ಅದು ದಕ್ಕುವುದಿಲ್ಲ.

ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ನಾನು ಕುಮಟಾಕ್ಕೆ ಹೊರಡುತ್ತೇನೆ, ಗಂಗೆ ಮತ್ತು ಧನ್ಯಾಳ ಜೊತೆಗೆ. ಗದ್ದಲ ಮಾಡುವುದಿಲ್ಲ, ಧಿಕ್ಕಾರ ಕೂಗುವುದಿಲ್ಲ. ನಿಮ್ಮ ಕೋಣೆಯ ಬಾಗಿಲು ತೆರೆದ ಕೂಡಲೇ ಮಗುವನ್ನು ನಿಮ್ಮ ಎದುರಿನ ಕುರ್ಚಿಯಲ್ಲಿ ಕೂರಿಸುತ್ತೇನೆ. ಪಾಸ್‌ವರ್ಡ್ ಕೊಡುವುದಿಲ್ಲವಾದರೆ, ಅವಳ ಅಪ್ಪ ಬದುಕಿದ್ದಾನೆಂದು ನೀವೇ ಅವಳಿಗೆ ಹೇಳಿ. ಅವಳಿಗೆ ಅರ್ಥವಾಗುವವರೆಗೆ ನಾವು ಏಳುವುದಿಲ್ಲ.

ಇಷ್ಟನ್ನು ಒದರಿದವನು,
ಗ್ರಾಹಕನೂ ಅಲ್ಲದ, ಎಷ್ಟು ಅಭಿನಯಿಸಿದರೂ ಗ್ರಾಹಕನ ಹೆಂಡತಿಯಾಗಲಾರದ,
ದೇವಪ್ಪ ಮೊಗೇರ
ಬೆಳಕೆ