ತೊಟ್ಟಿಲಂತೆ ತೂಗಿದ ಪೀಪಾಯಿ

ಹಲಸೂರು ಕೆರೆದಂಡೆ,
ಕೆರೆವರ್ಷ ನೂರ ಎಂಬತ್ತೊಂದು, ಹೂಗೊಯ್ಲು ಮುಗಿದ ತಿಂಗಳು

ಬಹಳ ಹಿಂದೆ ಇದೇ ಊರಿನಲ್ಲಿ ಬಿಯರ್ ಕುಡಿಯುತ್ತಿರುವ ಹಿರಿಯರಿಗೆ,

ಮೇಲಿನ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ. ಬತ್ತಿದ ಕೆರೆಗಳು ಮತ್ತೆ ತುಂಬಿದ ವರ್ಷದಿಂದ ನಾವು ಎಣಿಸುತ್ತೇವೆ. ನಿಮ್ಮ ಲೆಕ್ಕದಲ್ಲಿ ಇದು ಇಪ್ಪತ್ತನಾಲ್ಕನೆಯ ಶತಮಾನ. ನನ್ನ ಕನ್ನಡ ಎಲ್ಲಾದರೂ ಸೊಟ್ಟಗೆ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮದೂ ನಮಗೆ ಹಾಗೇ ಕೇಳಿಸುತ್ತದೆ, ನಾವೇನೂ ದೂರು ಕೊಟ್ಟಿಲ್ಲ.

ನನ್ನ ಹೆಸರು ಅಕ್ಕಯಮ್ಮ. ನೀವು ಐಪಿಎ, ಅಂದರೆ ಇಂಡಿಯಾ ಪೇಲ್ ಏಲ್, ಎನ್ನುವ ಬಿಯರನ್ನು ಹಲಸೂರಿನಲ್ಲಿ ಕಾಯಿಸುವವಳು ನಾನು. ನಿಮ್ಮ ಕಾಲದ ಎಷ್ಟೋ ಪಾನೀಯಗಳು ಹೇಳಹೆಸರಿಲ್ಲದೆ ಹೋದವು, ಇದೊಂದು ಉಳಿಯಿತು. ನಾವು ಇದನ್ನು ಬರೀ ‘ಕಹಿ’ ಎನ್ನುತ್ತೇವೆ. ಮೊದಲ ಗುಟುಕಿಗೆ ಮುಖ ಕಿವುಚಿದವರೇ ಎರಡನೆಯ ಲೋಟಕ್ಕೆ ಕೈ ಚಾಚುತ್ತಾರೆ. ಸಿಹಿ ಬೇಗ ಸಾಕಾಗುತ್ತದೆ, ಕಹಿ ಸಾಕಾಗುವುದಿಲ್ಲ. ಇದಕ್ಕಿಂತ ದೊಡ್ಡ ಕಾರಣ ನನಗೆ ಹೊಳೆದಿಲ್ಲ. ಹೂವಿನಿಂದ ಕಹಿ ಕೊಡುವ ಹಾಪ್ಸ್ ಬಳ್ಳಿಗೆ ಉದ್ದನೆಯ ಹಗಲು ಬೇಕು, ನಮ್ಮ ಸೀಮೆಯ ಸೂರ್ಯ ಅಷ್ಟು ಹೊತ್ತು ನಿಲ್ಲುವವನಲ್ಲ. ಅದಕ್ಕೇ ಕೆರೆಯ ಹಿಂದೆ ಗಾಜಿನ ಹಗಲುಮನೆ ಕಟ್ಟಿದ್ದೇವೆ. ಕತ್ತಲಾದ ಮೇಲೂ ಅಲ್ಲಿ ದೀಪ ಉರಿಸಿ, ಇನ್ನೂ ಸಂಜೆಯಾಗಿಲ್ಲ ಎಂದು ಬಳ್ಳಿಯನ್ನು ನಂಬಿಸುತ್ತೇವೆ. ಆ ದೀಪಕ್ಕಾಗಿ ಕೇರಿಯ ಪ್ರತಿ ಮನೆಯೂ ತನ್ನ ಪಾಲಿನ ವಿದ್ಯುತ್ತಿನಲ್ಲಿ ಸ್ವಲ್ಪ ಬಿಟ್ಟುಕೊಡುತ್ತದೆ, ಗೊಣಗುತ್ತಲೇ.

ನಿಮ್ಮಿಂದ ನಮಗೆ ಎರಡು ಸಂಗತಿ ಬಂದವು. ಒಂದು ಮಾಡುವ ವಿಧಾನ. ಇನ್ನೊಂದು ಒಂದು ಕಥೆ: ಬಿಳಿಯರ ನಾಡಿನಿಂದ ತಿಂಗಳುಗಟ್ಟಲೆ ಹಡಗಿನಲ್ಲಿ ಬರುವಾಗ ಕೆಡದಿರಲೆಂದು ಈ ಬಿಯರಿಗೆ ಹಾಪ್ಸ್ ಹೆಚ್ಚು ಹಾಕಿದರು ಎಂಬುದು. ನಮ್ಮ ಹಿರಿಯರು ಕಥೆಯನ್ನು ವಿಧಾನದೊಳಗೆ ಸೇರಿಸಿಬಿಟ್ಟರು. ಪ್ರಯಾಣ ಮಾಡದ ಕಹಿ ಕಹಿಯೇ ಅಲ್ಲ ಎಂದು ತೀರ್ಮಾನಿಸಿದರು. ಹಾಗಾಗಿ ಪ್ರತಿವರ್ಷ ಬಾಯಿ ಮುಚ್ಚಿದ ಪೀಪಾಯಿಗಳು ಬಿಸಿಲುಗಾಡಿ ಏರುತ್ತಿದ್ದವು. ಬಿಸಿಲಿನಿಂದಲೇ ಓಡುವ ಈ ಗಾಡಿಗೆ ಮನುಷ್ಯನ ನಡಿಗೆಯಷ್ಟೇ ವೇಗ. ಹೊಸಕೋಟೆ, ಕೋಲಾರ, ಮುಳಬಾಗಿಲು ಸುತ್ತಿ ಅವು ಹಿಂತಿರುಗಲು ಎರಡು ತಿಂಗಳು. ಸಮುದ್ರದ ಅಲೆಯಿಲ್ಲದ ಕೊರತೆ ನೀಗಲೆಂದು ತಂಗಿದ ಊರಲ್ಲೆಲ್ಲ ಹೆಂಗಸರು ಪೀಪಾಯಿಗೆ ಹಗ್ಗ ಕಟ್ಟಿ, ಜೋಗುಳ ಹಾಡಿ, ತೊಟ್ಟಿಲಂತೆ ತೂಗುತ್ತಿದ್ದರು. ನಗಬೇಡಿ. ನಾನೂ ತೂಗಿದ್ದೇನೆ, ರಾಗ ಸರಿಯಾಗಿಲ್ಲವೆಂದು ಬೈಸಿಕೊಂಡೂ ಇದ್ದೇನೆ. ಊರಿಗೆ ವಾಪಸು ಬರುವತನಕ ಒಂದು ತೊಟ್ಟೂ ಯಾರೂ ಮುಟ್ಟುವಂತಿರಲಿಲ್ಲ. ಕಾಯಿಸುವಾಗ ಮನೆಯೆಲ್ಲ ಘಮಘಮ ಎನ್ನುತ್ತಿತ್ತು, ಅದು ಹೂವಿನ ವಾಸನೆ, ಬಿಯರಿನದಲ್ಲ ಎಂದುಕೊಂಡಿದ್ದೆವು.

ಗಾಡಿಯ ಯಜಮಾನಿಕೆ ನನ್ನ ಸೋದರಮಾವ ಮುನಿಯಲ್ಲಪ್ಪನವರದು. ತಾಯಿಯಿಲ್ಲದ ನನ್ನನ್ನು ಸಾಕಿದವರು ಅವರೇ. ಮೂವತ್ತು ವರ್ಷದಿಂದ ಆ ಗಾಡಿಯೇ ಅವರ ಬದುಕು. ಕೋಲಾರದಲ್ಲಿ ಅವರ ಹೆಸರು ಹೇಳಿದರೆ ನನಗೂ ಊಟ ಸಿಗುತ್ತದೆ.

ಈ ಸಲ ನಾನೂ ಗಾಡಿಯ ಜೊತೆಗಿದ್ದೆ. ಹೊರಟ ದಿನವೇ ಹೊಸಕೋಟೆ ಕೆರೆಯ ಏರಿಯ ಮೇಲೆ ಗಾಡಿಯ ಅಚ್ಚು ಮುರಿಯಿತು. ಒಂದು ಪೀಪಾಯಿ ಉರುಳಿ ಸೀಳು ಬಿಟ್ಟಿತು. ಚೆಲ್ಲಿ ಹೋಗುವುದನ್ನು ನೋಡಲಾರದೆ ಸುತ್ತಲಿನವರು ಕೊಡ, ಚೆಂಬು ಹಿಡಿದು ಓಡಿಬಂದರು. ಕುಡಿದವರು ಒಬ್ಬೊಬ್ಬರಾಗಿ ಮತ್ತೆ ಚೆಂಬು ಒಡ್ಡಿದರು. ನಾನೂ ಕುಡಿದೆ. ಆಗಷ್ಟೇ ಸುಲಿದ ಚಕ್ಕೋತ, ಕಿತ್ತಳೆ ಸಿಪ್ಪೆ, ಮಾವಿನ ತೊಟ್ಟಿನ ಸೊನೆ, ಎಲ್ಲದರ ಘಮ ಒಟ್ಟಿಗೆ ಮೂಗಿಗೆ ಬಂತು, ಆಮೇಲೆ ಬಂತು ನಮಗೆ ಗೊತ್ತಿದ್ದ ಕಹಿ. ಎರಡು ತಿಂಗಳು ಸುತ್ತಿ ಬಂದ ಪೀಪಾಯಿಯಲ್ಲಿ ಈ ಘಮ ಒಮ್ಮೆಯೂ ಇರಲಿಲ್ಲ. ಸಂತೋಷವಾಯಿತು. ಮರುಕ್ಷಣವೇ ಮಾವನ ಕಡೆ ತಿರುಗಿದೆ, ಅವರ ಕೈಗೂ ಯಾರೋ ಒಂದು ಚೆಂಬು ಕೊಟ್ಟಿದ್ದರು.

ಅವರು ನಿಧಾನವಾಗಿ ಕುಡಿದರು. ಏರಿಯ ಕಲ್ಲಿನ ಮೇಲೆ ಕೂತರು. “ಚೆನ್ನಾಗೈತೆ ಕಣಮ್ಮ,” ಎಂದರು. “ಇಷ್ಟ್ ವರ್ಷ ಈ ಗಮಲ್ನೆಲ್ಲ ನಾನೇ ದಾರಿಗುಂಟ ಚೆಲ್ಕಂಡ್ ಬಂದಿವ್ನಿ.” ನನಗೆ ಅಳು ತಡೆಯಲಾಗಲಿಲ್ಲ. ಅವರು ಅಳಲಿಲ್ಲ. ಅದು ಇನ್ನೂ ಕಷ್ಟವಾಯಿತು.

ಮುಂದಿನ ವಾರ ಕೇರಿಯ ಸಭೆ ಸೇರಿತು. ಪ್ರಯಾಣ ನಿಲ್ಲಿಸಬೇಕೆಂದು ಹೇಳಲು ಎಲ್ಲರಿಗೂ ಮನಸ್ಸಿತ್ತು, ಮಾವನ ಮುಖ ನೋಡಿ ಹೇಳಲು ಯಾರಿಗೂ ಬಾಯಿ ಬರಲಿಲ್ಲ. ಗಾಡಿ ತಪ್ಪಿದರೆ ಅವರು ಮೂಲೆ ಹಿಡಿಯುತ್ತಾರೆಂದು ನಾನಂತೂ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ಕೊನೆಗೆ ಅವರೇ ಎದ್ದರು. “ಪೀಪಾಯಿ ಬ್ಯಾಡ, ಬಳ್ಳಿ ಬೇರ್ ಕೊಡಿ. ಊರೂರ್ಗೂ ನೆಟ್ ಬತ್ತೀನಿ. ಅವ್ರವ್ರ ಊರಾಗೆ ಅವ್ರವ್ರು ಕಾಯಿಸ್ಕಂಡು, ಬಿಸಿಬಿಸಿ ದೋಸೆ ತಿಂದಂಗೆ ಕುಡೀಲಿ,” ಎಂದರು. ಇವತ್ತು ಬೆಳಿಗ್ಗೆ ಒದ್ದೆ ಗೋಣಿಯಲ್ಲಿ ಬಳ್ಳಿಯ ಬೇರು ಸುತ್ತಿಕೊಂಡು ಹೊರಟರು. ಮುಳಬಾಗಿಲಿನವರು ಹಗಲುಮನೆಗೆ ಆಗಲೇ ಪಾಯ ತೆಗೆದಿದ್ದಾರಂತೆ.

ಹಿರಿಯರೇ, ನನಗೆ ನಿಮ್ಮ ಮೇಲೆ ಸ್ವಲ್ಪ ಸಿಟ್ಟಿದೆ. ಎಷ್ಟು ಹೊತ್ತು ಕುದಿಸಬೇಕು, ಎಷ್ಟು ಹೂ ಹಾಕಬೇಕು, ಹಡಗು ಯಾವ ದಾರಿಯಲ್ಲಿ ಬಂತು, ಎಲ್ಲ ಹೇಳಿಹೋದಿರಿ. ಅದರ ಘಮ ಹೇಗಿರುತ್ತದೆಂದು ಮಾತ್ರ ಯಾರೂ ಹೇಳಲಿಲ್ಲ. ನಿಮ್ಮ ಮೂಗಿನ ಕೆಳಗೇ ಇತ್ತು, ಹೇಳುವುದೇನು ಎಂದುಕೊಂಡಿರಬೇಕು. ಈಗ ನಿಮ್ಮ ಮುಂದೆ ಲೋಟವಿದ್ದರೆ, ಕುಡಿಯುವ ಮೊದಲು ಒಮ್ಮೆ ಮೂಸಿ ನೋಡಿ, ಏನು ನೆನಪಾಯಿತೋ ಅದನ್ನು ಪಕ್ಕದವರಿಗೆ ಬಾಯಿಬಿಟ್ಟು ಹೇಳಿ. ಅವರು ನಕ್ಕರೂ ಹೇಳಿ.

ನೆಟ್ಟ ಬೇರು ಮೈತುಂಬ ಹೂ ಬಿಡಲು ಮೂರು ವರ್ಷ ಬೇಕು. ಮಾವನಿಗೆ ಈಗ ಎಂಬತ್ತರ ಹತ್ತಿರ. ಮುಳಬಾಗಿಲಿನ ಮೊದಲ ಲೋಟ ಅವರು ಕುಡಿಯುತ್ತಾರೋ ಇಲ್ಲವೋ ಗೊತ್ತಿಲ್ಲ. ಅವರಿಗೂ ಗೊತ್ತಿಲ್ಲ, ಆದರೂ ಗೋಣಿ ಒಣಗೀತೆಂದು ಬೇಗ ಬೇಗ ನಡೆದು ಹೋದರು.

ನಿಮ್ಮ,
ಅಕ್ಕಯಮ್ಮ